ಕಾಲು ನೋಡಿ ಕಾಲ ಹೇಳುವುದು: ಹಳೆಯ ಫಿಶಿಂಗ್ ರೀಲುಗಳ ಹಿಂದೆ ಬಿದ್ದ ಅನುಭವ

ನಮ್ಮ ಕರಾವಳಿಯ ಮೀನುಗಾರಿಕೆಗೆ ಗಾಳದ ದಾರ ಸುತ್ತುವ ರೀಲ್ ಬೇಕಾಗಿರಲೇ ಇಲ್ಲ. ಮೊಗವೀರರಿಗೆ ರಾಂಪಣಿ ಇತ್ತು, ಹೊಳೆಬದಿಯವರಿಗೆ ಬೀಸುಬಲೆ ಇತ್ತು, ಬಂಡೆಯ ಮೇಲೆ ಕೂತು ಕೆಂಬೇರಿ ಹಿಡಿಯುವವನಿಗೆ ಕೈಗಾಳ ಸಾಕಿತ್ತು. ಹಾಗಾಗಿ ಮಂಗಳೂರು, ಉಡುಪಿ ಕಡೆ ಯಾರದ್ದಾದರೂ ಅಟ್ಟದಲ್ಲಿ ಹಳೆಯ ರೀಲ್ ಸಿಕ್ಕಿತೆಂದರೆ ಅದು ಹೊರಗಿನಿಂದ ಬಂದದ್ದೇ. ಯಾವ ದಾರಿಯಲ್ಲಿ ಬಂತು ಎಂದು ತಿಳಿದರೆ ಗುರುತು ಹಿಡಿಯುವ ಕೆಲಸ ಅರ್ಧ ಮುಗಿದ ಹಾಗೆ.

ನಾನು ಕಂಡಂತೆ ದಾರಿಗಳು ಮೂರು. ಮೊದಲನೆಯದು ಬ್ರಿಟಿಷರದು. ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ ಗಾಳದ ಮೀನುಬೇಟೆಯ ಬಗ್ಗೆ ಬರೆದ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಮೊದಲು ಹೊರಬಂದದ್ದು ಮಂಗಳೂರಿನಿಂದಲೇ. ಈ ಸಂಗತಿ ಇಲ್ಲಿ ಗಾಳ ಹಾಕುವ ಹುಡುಗರಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಹೇಳಿದರೆ ನಂಬುವುದೂ ಇಲ್ಲ. ಆ ಕಾಲದ ಅಧಿಕಾರಿಗಳಿಗೂ ಘಟ್ಟದ ಮೇಲಿನ ಕಾಫಿ ತೋಟದ ದೊರೆಗಳಿಗೂ ಮಹಸೀರ್ ಮೀನಿನ ಹುಚ್ಚು. ಆ ಹುಚ್ಚಿನ ಜೊತೆ ಬಂದವು ಹಿತ್ತಾಳೆ, ಮರ, ಅಲ್ಯೂಮಿನಿಯಂ ಮಿಶ್ರಲೋಹದ ಇಂಗ್ಲಿಷ್ ರೀಲುಗಳು. ಎರಡನೆಯ ದಾರಿ ಹಡಗಿನದು. ‘ಶಿಪ್ಪಿನಲ್ಲಿದ್ದವರು’ ಎಂದು ನಾವು ಕರೆಯುವ ಜನ ಯುರೋಪಿನ, ಜಪಾನಿನ ಬಂದರುಗಳಿಂದ ತಂದದ್ದು. ಮೂರನೆಯದು ಗಲ್ಫಿನದು. 1970ರ ದಶಕದಿಂದ ಈಚೆಗೆ ಟೇಪ್‌ರೆಕಾರ್ಡರ್, ಸೆಂಟಿನ ಬಾಟಲಿಗಳ ಜೊತೆ ಸೂಟ್‌ಕೇಸಿನೊಳಗೆ ಪೆನ್, ಆಬು, ದೈವಾ ಕಂಪನಿಗಳ ರೀಲುಗಳೂ ಬಂದವು.

ಸಂಗ್ರಹಕ್ಕೆ ನನಗೆ ಹೆಚ್ಚು ಕೊಟ್ಟದ್ದು ಬಂದರಿನ ಗುಜರಿ ಅಂಗಡಿಗಳು. ಅಲ್ಲಿ ಒಂದು ದಿನ ತಾಮ್ರದ ತಂತಿಯ ರಾಶಿಯೊಳಗೆ ಮೊಟ್ಟೆಯಾಕಾರದ ಕಪ್ಪು ರೀಲೊಂದರ ತುದಿ ಕಂಡಿತು.

“ಕಾಕಾ, ಇದು ಎಷ್ಟಕ್ಕೆ ಕೊಡ್ತೀರಿ?”

“ಅದು ಎಂಥದ್ದು ಅಂತ ನನಗೇ ಗೊತ್ತಿಲ್ಲ ಮಾರಾಯ್ರೆ. ತಿರುಗ್ತದೆ. ಒಳಗೆ ಹಿತ್ತಾಳೆ ಉಂಟು, ತೂಕಕ್ಕೆ ಹಾಕಿ ಕೊಡ್ತೇನೆ.”

ತೂಕಕ್ಕೆ ಹಾಕಿಯೇ ಕೊಟ್ಟರು. ಕೈಗೆ ಬಂದದ್ದು ಮಿಚೆಲ್ 300. ಸ್ವಿಟ್ಜರ್ಲೆಂಡಿನ ಗಡಿಗೆ ಹತ್ತಿರವಿರುವ ಫ್ರಾನ್ಸಿನ ಕ್ಲೂಸ್ ಎಂಬ ಊರಿನಲ್ಲಿ ಕಾರ್ಪಾನೋ ಎ ಪೋನ್ಸ್ ಕಂಪನಿ ಮಾಡುತ್ತಿದ್ದ ರೀಲು. ಜಗತ್ತಿನಲ್ಲಿ ಲಕ್ಷಗಟ್ಟಲೆ ಇರುವುದರಿಂದ ಅಪರೂಪದ್ದೇನಲ್ಲ. ಆದರೆ ಗುರುತು ಹಿಡಿಯುವುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ರೀಲ್ ಇಲ್ಲ. ಹಿಡಿ ಎಡಗಡೆಗಿದ್ದರೆ 300, ಬಲಗಡೆಗಿದ್ದರೆ 301. ಅದೇ ಮೊಟ್ಟೆಯಾಕಾರ ದೊಡ್ಡದಾಗಿ ಸಮುದ್ರದ ಕೆಲಸಕ್ಕೆ ಬಂದರೆ 302, ಪುಟ್ಟದಾದರೆ 308. ದಾರವನ್ನು ಎತ್ತಿ ಸುತ್ತುವ ಬೇಲ್ ತಂತಿ ಪೂರ್ತಿ ಕಮಾನಾಗಿರದೆ ಅರ್ಧಕ್ಕೇ ನಿಂತಿದ್ದರೆ ಅದು ತೀರ ಮೊದಮೊದಲಿನದು. ಆಗ ಅದರ ಮೇಲೆ 300 ಎಂಬ ಸಂಖ್ಯೆಯೂ ಇರುವುದಿಲ್ಲ, ಬರೀ ‘ಮಿಚೆಲ್’. ಇನ್ನೊಂದು ಸುಳಿವು ಇದೆ. ಅಮೆರಿಕದಲ್ಲಿ ಇದನ್ನು ಮಾರುತ್ತಿದ್ದದ್ದು ಗಾರ್ಸಿಯಾ ಕಂಪನಿ. ‘ಗಾರ್ಸಿಯಾ ಮಿಚೆಲ್’ ಎಂದು ಬರೆದದ್ದು ಅಮೆರಿಕದ ಮಾರುಕಟ್ಟೆಗೆ ಹೋದ ಮಾಲು. ನನಗೆ ಬಂದರಿನಲ್ಲಿ ಸಿಕ್ಕಿದ್ದರಲ್ಲಿ ಗಾರ್ಸಿಯಾ ಹೆಸರು ಇರಲಿಲ್ಲ. ಅಮೆರಿಕದ ಅಂಗಡಿಯಿಂದ ಬಂದದ್ದಲ್ಲ ಎಂದು ಅಷ್ಟರಲ್ಲೇ ಅಂದಾಜಾಯಿತು.

ಹೊಸಬರು ರೀಲ್ ಸಿಕ್ಕಿದ ಕೂಡಲೇ ಮುಖದ ಮೇಲಿನ ಹೆಸರು ಓದುತ್ತಾರೆ. ನಾನು ಮೊದಲು ತಿರುಗಿಸಿ ಕಾಲು ನೋಡುತ್ತೇನೆ. ರಾಡಿಗೆ, ಅಂದರೆ ಗಾಳದ ಕೋಲಿಗೆ, ಕೂರುವ ಆ ಪಟ್ಟಿಯನ್ನು ಯಾರೂ ಉಜ್ಜಿ ಹೊಳಪು ಮಾಡುವುದಿಲ್ಲ, ಬದಲಾಯಿಸುವುದೂ ಕಡಿಮೆ. ಆದ್ದರಿಂದ ಸತ್ಯ ಅಲ್ಲೇ ಉಳಿದಿರುತ್ತದೆ. ಸ್ವೀಡನ್ನಿನ ಸ್ವಾಂಗ್‌ಸ್ಟಾದಲ್ಲಿ ತಯಾರಾದ ಆಬು ಆಂಬಾಸಡರ್ ರೀಲುಗಳಲ್ಲಿ 1970ರ ದಶಕದ ನಡುವಿನಿಂದ ಕಾಲಿನ ಅಡಿಯಲ್ಲಿ ಆರಂಕಿಯ ಒಂದು ಸಂಖ್ಯೆ ಇರುತ್ತದೆ. ಮೊದಲ ಎರಡು ಅಂಕಿ ವರ್ಷ, ನಂತರದ ಎರಡು ತಿಂಗಳು. 780401 ಎಂದಿದ್ದರೆ 1978ರ ಏಪ್ರಿಲ್. ಸಂಖ್ಯೆಯೇ ಇಲ್ಲದಿದ್ದರೆ ಅದಕ್ಕೂ ಹಳೆಯದು. ಇಷ್ಟು ಸುಲಭವಾಗಿ ತನ್ನ ಜಾತಕ ತಾನೇ ಹೇಳುವ ರೀಲ್ ಬೇರೆ ಇಲ್ಲ. 1921ರಲ್ಲಿ ಶುರುವಾದ ಈ ಕಂಪನಿ ಮೊದಲು ಮಾಡುತ್ತಿದ್ದದ್ದು ಗಡಿಯಾರ, ಟ್ಯಾಕ್ಸಿ ಮೀಟರ್. 1950ರ ದಶಕದ ಕೆಂಪು ಆಂಬಾಸಡರ್ 5000 ಒಂದನ್ನು ಬಿಚ್ಚಿದರೆ ಗಡಿಯಾರದವರ ಕೈಚಳಕ ಕಣ್ಣಿಗೆ ಕಾಣುತ್ತದೆ. ಅದರ ಜೊತೆ ಕೊಡುತ್ತಿದ್ದ ಚರ್ಮದ ಚೀಲ, ಎಣ್ಣೆಯ ಪುಟ್ಟ ಕೊಳವೆ, ಸ್ಪ್ಯಾನರ್ ಇವೆಲ್ಲ ಒಟ್ಟಿಗೆ ಸಿಕ್ಕರೆ ಚೌಕಾಸಿ ಮಾಡುತ್ತಾ ನಿಲ್ಲಬೇಡಿ.

ಕಾಲಿನಲ್ಲೇ ನೋಡಬೇಕಾದ ಇನ್ನೊಂದು ಸಂಗತಿ, ಅರ ಹಾಕಿದ ಗುರುತು. ಹಳೆಯ ಮಾಲೀಕರು ರಾಡಿನ ಸೀಟಿಗೆ ಕೂರದಿದ್ದರೆ ಕಾಲಿನ ಎರಡೂ ತುದಿಗಳನ್ನು ಅರದಿಂದ ಉಜ್ಜಿ ತೆಳ್ಳಗೆ ಮಾಡಿಬಿಡುತ್ತಿದ್ದರು. ಬೆರಳ ತುದಿಯನ್ನು ಅಂಚಿನ ಮೇಲೆ ಎಳೆದರೆ ತಿಳಿಯುತ್ತದೆ: ಕಾರ್ಖಾನೆಯ ಅಂಚು ಒಂದೇ ಸಮನೆ ಇಳಿಯುತ್ತದೆ, ಮನೆಯಲ್ಲಿ ಅರ ಹಾಕಿದ್ದು ಒಂದು ಬದಿ ದಪ್ಪ, ಒಂದು ಬದಿ ಸಪೂರ. ಸಂಗ್ರಾಹಕರ ಲೆಕ್ಕದಲ್ಲಿ ಇದು ದೊಡ್ಡ ಕುಂದು. ಮೀನು ಹಿಡಿಯುವವನಿಗೆ ಏನೂ ಅಲ್ಲ.

ಆಮೇಲೆ ಸ್ಕ್ರೂ. ಪ್ಲಸ್ ಆಕಾರದ ಫಿಲಿಪ್ಸ್ ಸ್ಕ್ರೂ ಬಳಕೆಗೆ ಬಂದದ್ದು 1930ರ ದಶಕದ ನಡುವಿನಿಂದ ಈಚೆಗೆ. ‘ನಮ್ಮ ಮುತ್ತಜ್ಜನಿಗೆ ದೊರೆ ಕೊಟ್ಟದ್ದು, ನೂರಿಪ್ಪತ್ತು ವರ್ಷ ಹಳತು’ ಎಂದು ಕೊಟ್ಟ ರೀಲಿನಲ್ಲಿ ಪ್ಲಸ್ ಸ್ಕ್ರೂ ಕಂಡರೆ ಒಂದೋ ಸ್ಕ್ರೂ ಬದಲಾಗಿದೆ, ಇಲ್ಲವೇ ಮುತ್ತಜ್ಜನ ಕಥೆ ಬದಲಾಗಿದೆ. ಹೊಳಪಿನ ಬಣ್ಣವೂ ಮಾತಾಡುತ್ತದೆ. ನಿಕ್ಕೆಲ್ ಲೇಪನಕ್ಕೆ ಸ್ವಲ್ಪ ಹಳದಿ ಛಾಯೆ. ಕ್ರೋಮ್ ನೀಲಿಯತ್ತ ವಾಲುವ ಬಿಳುಪು, ಅದು ಸಾಮಾನ್ಯವಾದದ್ದು 1920ರ ದಶಕದ ಕೊನೆಯಿಂದ. ಎರಡನ್ನೂ ಹಗಲಿನ ಬೆಳಕಲ್ಲಿ ಪಕ್ಕಪಕ್ಕ ಹಿಡಿದು ನೋಡಿದರೆ ಮತ್ತೆ ಮರೆಯುವುದಿಲ್ಲ. ಟ್ಯೂಬ್‌ಲೈಟಿನ ಕೆಳಗೆ ನೋಡಬೇಡಿ.

ಕಪ್ಪು ಬದಿತಟ್ಟೆಗಳಿಗೆ ಮೂಗು ಬೇಕು. ಹೆಬ್ಬೆರಳಿನಿಂದ ಬಿಸಿಯಾಗುವವರೆಗೆ ಗಟ್ಟಿಯಾಗಿ ಉಜ್ಜಿ ಮೂಸಿ. ಗಂಧಕದ ವಾಸನೆ ಬಂದರೆ ಎಬೊನೈಟ್, ಅಂದರೆ ಗಟ್ಟಿ ರಬ್ಬರ್. ಆಸ್ಪತ್ರೆಯ ಕಾರ್ಬಾಲಿಕ್ ವಾಸನೆಯಾದರೆ ಬೇಕಲೈಟ್, ಅದು 1907ರ ನಂತರದ ವಸ್ತು. ಎಬೊನೈಟ್ ಬಿಸಿಲಿಗೆ ಕಂದುಹಸಿರಾಗುತ್ತದೆ, ಬಿಸಿನೀರಿಗೆ ಬಿದ್ದರೆ ಬಣ್ಣವೇ ಕೆಡುತ್ತದೆ. ಹಾಗಾಗಿ ವಾಸನೆ ನೋಡುವ ಮೊದಲು ತೊಳೆಯಬಾರದು.

ದೇಶದ ಹೆಸರಿನ ಮುದ್ರೆಯಿಂದಲೂ ವರ್ಷ ಅಂದಾಜಾಗುತ್ತದೆ. ‘ಮೇಡ್ ಇನ್ ವೆಸ್ಟ್ ಜರ್ಮನಿ’ ಎಂದಿರುವ ಡ್ಯಾಮ್ ಕಂಪನಿಯ ಕ್ವಿಕ್ ರೀಲ್ 1949ಕ್ಕೂ 1990ಕ್ಕೂ ನಡುವಿನದು. ‘ಆಕ್ಯುಪೈಡ್ ಜಪಾನ್’ ಎಂದಿದ್ದರೆ 1952ಕ್ಕಿಂತ ಈಚಿನದಲ್ಲ.

ಇಂಗ್ಲೆಂಡಿನ ಆನಿಕ್ ಊರಿನ ಹಾರ್ಡಿ ಬ್ರದರ್ಸ್ ಬಗ್ಗೆ ಕೇಳದವರು ಈ ಹವ್ಯಾಸದಲ್ಲಿ ಇಲ್ಲ. 1872ರಲ್ಲಿ ಕೋವಿ ಮಾಡುವವರಾಗಿ ಶುರುಮಾಡಿ ರಾಡು, ರೀಲಿಗೆ ಬಂದವರು. ಅವರ ‘ಪರ್ಫೆಕ್ಟ್’ ರೀಲಿನ ಹಳೆಯ ಮಾದರಿಗಳಲ್ಲಿ ಹಿತ್ತಾಳೆಯ ಮುಖ, ಅದರ ಮೇಲೆ ರಾಡು ಹಿಡಿದ ಕೈಯ ಮುದ್ರೆ. ದಾರ ಸುತ್ತಿಕೊಳ್ಳುವ ಉರುಳೆ, ಅಂದರೆ ಸ್ಪೂಲ್ ತೆಗೆದು ಒಳತಟ್ಟೆಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಕೆಲವದರಲ್ಲಿ ಎರಡು ಪುಟ್ಟ ಅಕ್ಷರಗಳು ಕಾಣುತ್ತವೆ. ಆ ರೀಲನ್ನು ಜೋಡಿಸಿದ ಕೆಲಸಗಾರನ ಇನಿಷಿಯಲ್. ಘಟ್ಟದ ಮೇಲಿನ ತೋಟದ ಮನೆಯೊಂದರ ಸಾಮಾನು ಮಂಗಳೂರಿಗೆ ಮಾರಾಟಕ್ಕೆ ಬಂದಾಗ ಇಂಥದ್ದೊಂದು ನೋಡಿದೆ. ಆದರೆ ಅಷ್ಟರಲ್ಲೇ ಯಾರೋ ಪುಣ್ಯಾತ್ಮರು ಹುಣಸೆಹುಳಿ ಹಾಕಿ ತಿಕ್ಕಿ, ನಂದಾದೀಪದ ಹಾಗೆ ಫಳಫಳ ಮಾಡಿಟ್ಟಿದ್ದರು. ಹಳೆಯ ಕಪ್ಪು ಲೇಪ, ಕಂಚುಬಣ್ಣ ಎಲ್ಲ ಹೋಗಿತ್ತು. ಅದರ ಬೆಲೆಯ ದೊಡ್ಡ ಪಾಲು ಹುಣಸೆ ನೀರಿನ ಜೊತೆ ಚರಂಡಿ ಸೇರಿತ್ತು. ನಮ್ಮೂರಲ್ಲಿ ಹಿತ್ತಾಳೆ ಕಂಡರೆ ತಿಕ್ಕುವುದು ರಕ್ತದಲ್ಲೇ ಬಂದದ್ದು. ಮಾರುವವರಿಗೆ ಫೋನಿನಲ್ಲೇ ‘ದಯವಿಟ್ಟು ತೊಳೆಯಬೇಡಿ’ ಎಂದು ಹೇಳಿಬಿಡುತ್ತೇನೆ.

ಇದರ ತಿರುಗುಮುರುಗು ಕೂಡ ಇದೆ. ಈಗ ಅಲಂಕಾರಕ್ಕೆಂದು ಹೊಸ ಹಿತ್ತಾಳೆ ರೀಲ್ ಮಾಡಿ ಹಳೆಯದರಂತೆ ಕಪ್ಪು ಬಣ್ಣ ಹಚ್ಚಿ ಮಾರುತ್ತಾರೆ. ಹಿಡಿಯ ಬುಡ, ಸ್ಪೂಲಿನ ಅಂಚು ಇಂಥ ಕಡೆ ನಿಜವಾದ ಬಳಕೆಯ ಸವೆತ ಇರಬೇಕು. ಎಲ್ಲ ಕಡೆ ಒಂದೇ ತರಹ ಕಪ್ಪಾಗಿದ್ದು, ತಿರುಗಿಸಿದರೆ ಗರಗರ ಎಂದು ಅಲುಗಾಡಿದರೆ ಅದು ಷೋಕೇಸಿನ ಮಾಲು.

ಗಲ್ಫಿನ ದಾರಿಯ ಕಥೆ ಬೇರೆ. ಕಲ್ಯಾಣಪುರ ಕಡೆಯ ಒಬ್ಬ ಹೆಂಗಸು ಗೋಣಿಯಲ್ಲಿ ಸುತ್ತಿಟ್ಟಿದ್ದ ದೊಡ್ಡ ರೀಲೊಂದನ್ನು ತಂದು ಜಗಲಿಯಲ್ಲಿಟ್ಟರು. “ಇವರು ಕುವೈತಿನಿಂದ ತಂದದ್ದು. ರಜೆಯಲ್ಲಿ ಬಂದಾಗ ಮಲ್ಪೆಯಲ್ಲಿ ಹಾಕ್ತಿದ್ರು. ಈಗ ಮಕ್ಕಳಿಗೆ ಮೀನು ಹಿಡಿಯುವುದು ಬೇಡ, ಫ್ರೈ ಮಾತ್ರ ಬೇಕು” ಅಂದರು. ಪೆನ್ ಸೆನೆಟರ್, ಮಾದರಿ 114, ಅಂದರೆ 6/0 ಗಾತ್ರದ್ದು. ಪೆನ್ ಎಂದರೆ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಆಟೊ ಹೆನ್ಝೆ 1932ರಲ್ಲಿ ಕಟ್ಟಿದ ಕಂಪನಿ. ಸೆನೆಟರ್ ಬಂದದ್ದು 1936ರಲ್ಲಿ. ಅಲ್ಲಿಂದ ದಶಕಗಟ್ಟಲೆ ರೂಪ ಹೆಚ್ಚು ಬದಲಾಗಲಿಲ್ಲ, ಒಂದರ ಭಾಗ ಇನ್ನೊಂದಕ್ಕೆ ಕೂರುತ್ತದೆ. ಹಾಗಾಗಿ ಪೆನ್ ರೀಲಿಗೆ ಇಂಥದ್ದೇ ವರ್ಷ ಎಂದು ಹೇಳುವವರನ್ನು ನಾನು ನಂಬುವುದಿಲ್ಲ. ರೀಲಿಗಿಂತ ಅದರ ಪೆಟ್ಟಿಗೆ, ಒಳಗಿನ ಕಾಗದ ಹೆಚ್ಚು ಹೇಳುತ್ತವೆ. ಕಂಪನಿಯ ವಿಳಾಸದಲ್ಲಿ ಝಿಪ್ ಕೋಡ್ ಇದ್ದರೆ ಕಾಗದ 1963ರ ನಂತರದ್ದು, ಏಕೆಂದರೆ ಅಮೆರಿಕದಲ್ಲಿ ಆ ಪದ್ಧತಿ ಶುರುವಾದದ್ದೇ ಆಗ.

ಆ ಸೆನೆಟರ್ ಉಪ್ಪು ಹಿಡಿದು ಗಟ್ಟಿಯಾಗಿತ್ತು. ಆಟಿ ತಿಂಗಳ ಮಳೆಯಲ್ಲಿ, ಬೋಟುಗಳೆಲ್ಲ ದಕ್ಕೆಯಲ್ಲಿ ಕಟ್ಟಿ ನಿಂತಿರುವಾಗ, ಇಂಥ ಕೆಲಸಕ್ಕೆ ಕೂರುತ್ತೇನೆ. ಸ್ಕ್ರೂಗಳ ಸುತ್ತ ಸೀಮೆಎಣ್ಣೆ ಬಿಟ್ಟು ಒಂದೆರಡು ದಿನ ಸುಮ್ಮನಿರಬೇಕು. ಅವಸರ ಮಾಡಿದರೆ ತಲೆ ಕಿತ್ತು ಬರುತ್ತದೆ. ಅಂಗಡಿಯ ಸ್ಕ್ರೂಡ್ರೈವರ್ ಬಾಯಿ ಆಪಿನಂತೆ ಇಳಿಜಾರು. ಅದನ್ನು ಸಾಣೆಗೆ ಹಿಡಿದು ಸಮಾನಾಂತರ ಮಾಡಿಕೊಂಡರೆ ಸೀಳಿನ ತಳದವರೆಗೂ ಕೂರುತ್ತದೆ. ಬದಿತಟ್ಟೆ ತೆಗೆಯುವಾಗ ರೀಲನ್ನು ದೊಡ್ಡ ಪ್ಲಾಸ್ಟಿಕ್ ಚೀಲದೊಳಗೆ ಇಟ್ಟೇ ತೆಗೆಯುತ್ತೇನೆ. ಹಿಮ್ಮುಖ ತಿರುಗದಂತೆ ತಡೆಯುವ ನಾಲಗೆಗೆ ಒಂದು ಸಪೂರ ಸ್ಪ್ರಿಂಗ್ ಇದೆ, ಅದು ಹಾರಿತೆಂದರೆ ಅಂಗಳದ ಕೆಸರಿನಲ್ಲಿ ಹುಡುಕುವುದು ನಮ್ಮ ಹಣೆಬರಹ. ಮೀನು ಎಳೆದಾಗ ದಾರವನ್ನು ಹಿಡಿತದಲ್ಲಿಟ್ಟು ಬಿಡುವ ಬ್ರೇಕಿಗೆ ಡ್ರ್ಯಾಗ್ ಎನ್ನುತ್ತಾರೆ. ಅದರ ಬಿಲ್ಲೆಗಳು ಒಂದು ಲೋಹ, ಒಂದು ಫೈಬರ್ ಎಂದು ಒಂದರ ಮೇಲೊಂದು ಕೂತಿರುತ್ತವೆ. ತೆಗೆದ ಕ್ರಮದಲ್ಲೇ ದಾರಕ್ಕೆ ಪೋಣಿಸಿಟ್ಟರೆ ಮರಳಿ ಹಾಕುವಾಗ ಗೊಂದಲ ಇಲ್ಲ. ಹಳೆಯ ಫೈಬರ್ ಬಿಲ್ಲೆಗಳನ್ನು ಎಸೆಯದೆ ಚೀಟಿ ಬರೆದು ಡಬ್ಬಿಯಲ್ಲಿಡುತ್ತೇನೆ, ಬಳಕೆಗೆ ಕಾರ್ಬನ್ ಬಿಲ್ಲೆ ಹಾಕುತ್ತೇನೆ.

ಮಳೆಗಾಲದಲ್ಲಿ ಇಡುವ ಜಾಗ ನಮ್ಮಲ್ಲಿ ದೊಡ್ಡ ತಲೆನೋವು. ಚರ್ಮದ ಚೀಲದೊಳಗೆ ಹಿತ್ತಾಳೆ ರೀಲ್ ಬಿಡಲೇಬಾರದು. ಚೀಲಕ್ಕೆ ಬೂಷ್ಟು ಹಿಡಿಯುವುದು ಒಂದು. ಹದಮಾಡಿದ ಚರ್ಮದ ಹುಳಿ ತೇವಕ್ಕೆ ಸೇರಿ ಹಿತ್ತಾಳೆಯ ಮೇಲೆ ಹಸಿರು ಕಿಲುಬು ಎಬ್ಬಿಸುವುದು ಇನ್ನೊಂದು. ಚೀಲ ಬೇರೆ, ರೀಲ್ ಬೇರೆ. ರೀಲನ್ನು ಹತ್ತಿಬಟ್ಟೆಯಲ್ಲಿ ಸುತ್ತಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬಿಗೆ ಹಾಕುತ್ತೇನೆ. ಡ್ರ್ಯಾಗ್ ಪೂರ್ತಿ ಸಡಿಲ ಬಿಡಬೇಕು, ಬಿಗಿದಿಟ್ಟರೆ ಬಿಲ್ಲೆಗಳು ಅಂಟಿಕೊಳ್ಳುತ್ತವೆ.

ಹಳೆಯ ರೀಲಿನಲ್ಲಿ ಗಾಳ ಹಾಕಬಹುದೇ ಎಂದು ಪಣಂಬೂರಿನಲ್ಲಿ, ತಣ್ಣೀರುಬಾವಿಯಲ್ಲಿ ಸಿಗುವ ಹುಡುಗರು ಕೇಳುತ್ತಾರೆ. ಪೆನ್, ಆಬು ಧಾರಾಳವಾಗಿ ಬಳಸಿ, ಬಂದ ಕೂಡಲೇ ಸಿಹಿನೀರಿನಲ್ಲಿ ತೊಳೆಯಿರಿ. ಮಿಚೆಲ್ 300 ಹೊಳೆಗೆ ಸರಿ, ಅಳಿವೆಯ ಉಪ್ಪುನೀರಿಗೆ ಬೇಡ. ಹಾರ್ಡಿಯನ್ನು ಮನೆಯಲ್ಲೇ ಬಿಡಿ. ಸ್ಪೂಲ್ ಪ್ಲಾಸ್ಟಿಕ್ಕಿನದೋ ಲೋಹದ್ದೋ ಎಂದು ಮೊದಲು ನೋಡಿಕೊಳ್ಳಿ. ನೈಲಾನ್ 1938ರಲ್ಲಿ ಬಂದದ್ದು. ಅದಕ್ಕೂ ಮೊದಲಿನ ನಾರಗಸೆ ದಾರಕ್ಕೆಂದು ಮಾಡಿದ ಸ್ಪೂಲುಗಳು ನೈಲಾನಿನ ಒತ್ತಡ ತಾಳುವುದಿಲ್ಲ. ಮೀನಿನ ಎಳೆತಕ್ಕೆ ಹಿಗ್ಗಿದ ನೈಲಾನ್ ಸ್ಪೂಲಿನ ಮೇಲೆ ಸುತ್ತಿಕೊಂಡು ಕುಗ್ಗುತ್ತದೆ, ಸುತ್ತಿನ ಮೇಲೆ ಸುತ್ತು ಬಿಗಿಯಾಗಿ ಪ್ಲಾಸ್ಟಿಕ್ ಅಂಚು ಸಿಡಿಯುತ್ತದೆ. ಲೋಹದ ಸ್ಪೂಲಾದರೆ ಈಗಿನ ಬ್ರೇಡ್, ಅಂದರೆ ಹೆಣೆದ ದಾರ ಹಾಕಬಹುದು, ಆದರೆ ಬುಡಕ್ಕೆ ಕೆಲವು ಸುತ್ತು ನೈಲಾನ್ ಹಾಕಿಕೊಳ್ಳಿ. ಇಲ್ಲದಿದ್ದರೆ ಮೀನು ಎಳೆದಾಗ ಬ್ರೇಡ್ ಸ್ಪೂಲಿನ ಮೇಲೆಯೇ ಜಾರುತ್ತದೆ, ನೀವು ಡ್ರ್ಯಾಗ್ ಕೆಟ್ಟಿದೆ ಎಂದುಕೊಂಡು ಸರಿಯಿರುವ ರೀಲನ್ನು ಬಿಚ್ಚುತ್ತೀರಿ.