ಕನ್ನಡಿ ಈಶಾನ್ಯಕ್ಕೆ ಸರಿದ ಮೇಲೆ

ಕಾಫಿ ಕಣದ ಪಕ್ಕ 6 ಮೀಟರ್ ಕಂಬ, ತುದಿಗೆ ಕಪ್ಪು ಪೆಟ್ಟಿಗೆ, ಎದುರಿಗೆ ಬಿಸಿಲನ್ನು ಅದಕ್ಕೆ ತಿರುಗಿಸುವ ಎರಡಡಿ ಚೌಕದ 40 ಕನ್ನಡಿ. ಪೆಟ್ಟಿಗೆಯಲ್ಲಿ ಕಾದ ಗಾಳಿ ಫ್ಯಾನಿನಿಂದ ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ಸಿಪ್ಪೆ ತೆಗೆದು ತೊಳೆದ ಕಾಫಿ ಬೀಜ, ಒಣಗಿಸುವ ತಟ್ಟೆಗಳಿಗೆ. ಸೋಮವಾರಪೇಟೆ ಮಂಜಿನಲ್ಲಿ ಇದು ನಡೆಯೋದಲ್ಲ ಅಂದವರೇ ಎಲ್ಲ. ಮೊದಲ ವರ್ಷ ಅವರ ಮಾತೇ ನಿಜವಾಯಿತು.

ತಪ್ಪು ನಕ್ಷೆಯದು. ಕಂಬದ ಉತ್ತರಕ್ಕೆ ಎಡಬಲ ಸಮವಾಗಿ ಕನ್ನಡಿ ನೆಟ್ಟಿದ್ದೆ. ಇದೇ ಥರ ಗೋಪುರಕ್ಕೆ ಬಿಸಿಲು ತಿರುಗಿಸಿ ವಿದ್ಯುತ್ ಮಾಡುವ ಸ್ಪೇನಿನ ಪಿಎಸ್10 ಸ್ಥಾವರದಂಥ ಬಯಲಿಗೆ ಅದು ಸರಿ. ನಮ್ಮಲ್ಲಿ ಜನವರಿಯಲ್ಲಿ ಮಂಜು ಬಿಡೋದೇ ಹತ್ತು ಗಂಟೆಗೆ; ದುಡಿಮೆಯ ಬಿಸಿಲೆಲ್ಲ ಮಧ್ಯಾಹ್ನದ್ದು. ಮೂರೂವರೆಗೆ ಸೂರ್ಯ ನೈಋತ್ಯದಲ್ಲಿ. ಆಗ ವಾಯವ್ಯದ ಕನ್ನಡಿ ಓರೆಯಾಗಿ ನಿಂತು ನೂರಕ್ಕೆ 73 ಪಾಲಷ್ಟೇ ಹಿಡಿಯುತ್ತೆ, ಈಶಾನ್ಯದ್ದು 98. ವಾಯವ್ಯದ 11 ಕಿತ್ತು ಈಶಾನ್ಯಕ್ಕೆ ನೆಟ್ಟೆ. ಹೊಸ ಕನ್ನಡಿ ಒಂದೂ ತರಲಿಲ್ಲ.

ಇಳಿಜಾರಾದರೆ ಸಾಲು ಹತ್ತಿರ ಹಾಕಬಹುದು ಅನ್ನೋದು ಇನ್ನೊಂದು ಭ್ರಮೆ. 1.2 ಮೀಟರ್ ಅಂತರಕ್ಕೆ ಹಾಕಿ ಕೆಟ್ಟೆ. ಮುಂದಿನದು ಹಿಂದಿನದರ ಬೆಳಕಿಗೆ ಅಡ್ಡ ಬಂತು. ನೆಲ ಏರಿದಷ್ಟೂ ಪೆಟ್ಟಿಗೆ ತಗ್ಗಿದ ಹಾಗೆ, ಲಾಭ ಅಲ್ಲಿಗಲ್ಲಿಗೆ ಸಮ. 18 ಮೀಟರ್ ದೂರಕ್ಕೆ 6 ಮೀಟರ್ ಎತ್ತರ ಅಂದರೆ ಮೂರಕ್ಕೊಂದು, 60 ಸೆಂ.ಮೀ. ಕನ್ನಡಿಗೆ ಸಾಲಿನ ನಡುವೆ 1.8 ಮೀಟರ್ ಬಿಡಿ. ದಕ್ಷಿಣಕ್ಕಿಳಿಯುವ ನೆಲದ ಉಪಕಾರ, ಸಂಜೆ ಒಂದರ ನೆರಳು ಇನ್ನೊಂದರ ಮೇಲೆ ಕಡಿಮೆ ಬೀಳೋದು ಮಾತ್ರ.

ದುಡ್ಡು ತಿಂದದ್ದು ಚೆಲ್ಲಿದ ಬೆಳಕು. 20 ಮೀಟರ್‌ನಿಂದ ಎರಡಡಿ ಕನ್ನಡಿಯ ಬೆಳಕಿನ ಮಚ್ಚೆ ಸುಮಾರು 80 ಸೆಂ.ಮೀ.: ಕನ್ನಡಿಯದೇ 60, ಸೂರ್ಯಬಿಂಬದ ಅಗಲಕ್ಕೆ ಮೀಟರಿಗೆ 9 ಮಿ.ಮೀ.ನಂತೆ 18. ಪೆಟ್ಟಿಗೆ ಬಾಯಿ 60! ಕಂಬದ ವೈರು ಕರಗಿ ಜೋತುಬಿತ್ತು. ಕೊನೆಗೆ ಪ್ರತಿ ಕನ್ನಡಿಯನ್ನೂ ಒಂದಡಿಯ ನಾಲ್ಕು ತುಂಡು ಮಾಡಿ, ಹೊರಮೂಲೆಯ ಅಡಿಗೆ 2 ಮಿ.ಮೀ. ವಾಷರ್ ಕೊಟ್ಟು ಒಳಕ್ಕೆ ವಾಲಿಸಿದೆ. ಮಚ್ಚೆ 50ಕ್ಕೆ ಇಳಿಯಿತು. ಇಷ್ಟು ಚೊಕ್ಕವಾಗಿ ಕೂರಿಸಿದವರು ಈ ಕಡೆ ಇನ್ನೊಬ್ಬರಿದ್ದರೆ ತೋರಿಸಿ.

ಗಾಜು ತಲಾ 450 ರೂಪಾಯಿ. ಸ್ಟ್ಯಾಂಡು, ಎರಡೆರಡು ಮೋಟಾರು ಸೇರಿ ತಲಾ 2,800. ಕಂಬ, ಫ್ಯಾನು ಎಲ್ಲ ಕೂಡಿ ಒಂದೂವರೆ ಲಕ್ಷ ದಾಟಿತು. ಮೊದಲ ಮಳೆಗಾಲಕ್ಕೇ ಹದಿನಾಲ್ಕು ಕನ್ನಡಿಯ ಬೆನ್ನಿನ ರಸ ಅಂಚಿನಿಂದ ಎದ್ದು ಕಪ್ಪಾಯಿತು. ಈಗ ಅಂಚಿಗೆ ಬಳಿಯೋದು ಏನು ಅಂತ ಮಾತ್ರ ಕೇಳಬೇಡಿ.

ಸೂರ್ಯಕಾಂತಿ ಬೀಜದ ಸುರುಳಿಯಂತೆ 137.5 ಡಿಗ್ರಿ ತಿರುಗಿಸುತ್ತಾ ಗೂಟ ಹೊಡೆದೂ ನೋಡಿದೆ. ಪಿಎಸ್10ರ 624 ಕನ್ನಡಿಗಾದರೆ ಜಾಗ ಉಳಿದೀತು. 40ಕ್ಕೆ ಗಿಡದ ಸಾಲಿಗೆ ಅಡ್ಡ, ಅಷ್ಟೇ.

ಗಾಳಿ 40 ಡಿಗ್ರಿ ದಾಟದಂತೆ ತಣ್ಣನೆ ಗಾಳಿ ಬೆರೆಸಬೇಕು. ಕಣದಲ್ಲಿ ಎಂಟು ದಿನ ಹಿಡಿಯುತ್ತಿದ್ದ ಪಾರ್ಚ್‌ಮೆಂಟ್ ಈ ಸಲ ಐದನೇ ದಿನಕ್ಕೆ ನೂರಕ್ಕೆ 11ರ ತೇವಕ್ಕೆ ಬಂತು.