ಶೆಲ್ಟರ್‌ನಿಂದ ನಾಯಿ ತರುವಾಗ: ಬಣ್ಣ ಬಿಡಿ, ಬೆಚ್ಚಿದ ಮೇಲೆ ಏನು ಮಾಡುತ್ತದೆ ನೋಡಿ

ದಿಕ್ಕಿಲ್ಲದ ನಾಯಿಗಳಿಗೆ ಆಶ್ರಯ ಕೊಡುವ ಶೆಲ್ಟರ್‌ಗೆ ಹೋದವರ ಕಣ್ಣು ಮೊದಲು ಬೀಳುವುದು ಬಿಳಿ, ಕಂದು ಮರಿಗಳ ಮೇಲೆ. ಕರಿಯ, ಕುಂಟ, ವಯಸ್ಸಾದದ್ದು, ಕೂದಲುದುರಿದ್ದು ಅಲ್ಲೇ ಉಳಿಯುತ್ತವೆ. ಇದರಲ್ಲಿ ಯಾವುದೂ ನಾಯಿಯ ಗುಣ ಹೇಳುವುದಿಲ್ಲ. ಕಿವಿಯ ತುದಿ ಕತ್ತರಿಸಿದ್ದರೆ ಅದು ಜಗಳದ ಗಾಯ ಎಂದುಕೊಳ್ಳಬೇಡಿ, ಸಾಮಾನ್ಯವಾಗಿ ಸಂತಾನಹರಣ ಮಾಡಿಸಿ ರೇಬಿಸ್ ಲಸಿಕೆ ಹಾಕಿದ ಗುರುತು. ಕೂದಲುದುರಲು ಹೆಚ್ಚಾಗಿ ಕಜ್ಜಿ ಹುಳು ಕಾರಣ. ವೈದ್ಯರು ಚರ್ಮ ಕೆರೆದು ಪರೀಕ್ಷಿಸಿ ಔಷಧಿ ಕೊಟ್ಟರೆ ಒಂದೆರಡು ತಿಂಗಳಲ್ಲಿ ಕೂದಲು ಮರಳುತ್ತದೆ. ಹಳ್ಳಿಗಳಲ್ಲಿ ಹಳೆ ಇಂಜಿನ್ ಆಯಿಲ್ ಬಳಿಯುವ ರೂಢಿಯಿದೆ. ದಯವಿಟ್ಟು ಬೇಡ. ಚರ್ಮ ಸುಡುತ್ತದೆ, ನೆಕ್ಕಿದರೆ ಹೊಟ್ಟೆಗೆ ವಿಷ.

ಗೂಡಿನೊಳಗೆ ಬೊಗಳುವ ನಾಯಿಯನ್ನು ಅಲ್ಲಿಂದಲೇ ಅಳೆಯಬೇಡಿ. ಸುತ್ತ ಇಪ್ಪತ್ತು ನಾಯಿ ಬೊಗಳುವಾಗ ಸುಮ್ಮನಿರುವುದು ಯಾವುದಕ್ಕೂ ಕಷ್ಟ. ಹೊರಗೆ ಕರೆಸಿ ಇಪ್ಪತ್ತು ನಿಮಿಷ ಕೊಡಿ. ನೆಲದ ಮೇಲೆ ಪಕ್ಕಕ್ಕೆ ತಿರುಗಿ ಕೂತು, ಕಣ್ಣಲ್ಲಿ ಕಣ್ಣಿಡದೆ, ಅದೇ ಬಂದು ಮೂಸಲಿ ಎಂದು ಕಾಯಿರಿ. ನಂತರ ನಾಲ್ಕು ಹೆಜ್ಜೆ ದೂರದಲ್ಲಿ ಬೀಗದ ಕೈ ಗೊಂಚಲು ಬೀಳಿಸಿ. ಬೆಚ್ಚುವುದು ಸಹಜ. ಒಂದು ನಿಮಿಷದೊಳಗೆ ಮರಳಿ ಬಂದು ಗೊಂಚಲು ಮೂಸುವ ನಾಯಿ, ಕುಕ್ಕರ್ ಕೂಗುವ, ಮಕ್ಕಳು ಓಡಾಡುವ ಮನೆಗೆ ಒಗ್ಗುವ ಸಾಧ್ಯತೆ ಹೆಚ್ಚು. ಮೂಲೆ ಸೇರಿ ನಡುಗುತ್ತಲೇ ಇದ್ದರೆ ಅದಕ್ಕೆ ಸದ್ದಿಲ್ಲದ ಮನೆ ಬೇಕು, ಅಷ್ಟೇ. ಬಾಲ ಆಡಿಸಿದ್ದೆಲ್ಲ ಸ್ನೇಹವಲ್ಲ: ಮೈ ಬಿಗಿದು ಬಾಲ ಮೇಲೆತ್ತಿ ಆಡಿಸುತ್ತಿದ್ದರೆ ದೂರವಿರಿ. ಬೇರೊಂದು ದಿನ, ಬೇರೆ ಹೊತ್ತಿನಲ್ಲಿ ಇನ್ನೊಮ್ಮೆ ನೋಡಿ ಬಂದು ತೀರ್ಮಾನಿಸಿ.

ಲಸಿಕೆ ಚೀಟಿ ಕೇಳಿ ಪಡೆಯಿರಿ. ಮರಿಗೆ ಮೂರು ತಿಂಗಳಾದ ಮೇಲೆ ರೇಬಿಸ್ ಲಸಿಕೆ. ಪಾರ್ವೊ, ಡಿಸ್ಟೆಂಪರ್ ಎಂಬ ಮಾರಕ ವೈರಸ್ ರೋಗಗಳ ಲಸಿಕೆ ಆರರಿಂದ ಎಂಟನೇ ವಾರಕ್ಕೇ ಶುರು. ದೊಡ್ಡ ನಾಯಿಗೆ ರಕ್ತಪರೀಕ್ಷೆ ಮಾಡಿಸಿ. ಉಣ್ಣಿ ಹುಳು ಕಚ್ಚಿ ಬರುವ ಜ್ವರದಲ್ಲಿ ಪ್ಲೇಟ್‌ಲೆಟ್ ಇಳಿಯುತ್ತದೆ, ಕೆಲವೊಮ್ಮೆ ಹೊರಗೆ ಏನೂ ಕಾಣುವುದಿಲ್ಲ.

ತಂದ ಮೊದಲ ದಿನಗಳಲ್ಲೇ ನಾಯಿ ತಪ್ಪಿಸಿಕೊಳ್ಳುವುದು ಹೆಚ್ಚು. ಕತ್ತಿನ ಬೆಲ್ಟಿನೊಳಗೆ ಎರಡು ಬೆರಳಷ್ಟೇ ತೂರಬೇಕು. ಎದೆಪಟ್ಟಿಗೂ ಇನ್ನೊಂದು ಹಗ್ಗವಿರಲಿ. ಕಾರು ಅಥವಾ ಆಟೋದಲ್ಲಿ ತನ್ನಿ, ಬೈಕ್ ಬೇಡ. ಹೊರಡುವ ಮೂರು ಗಂಟೆ ಮೊದಲೇ ಊಟ ನಿಲ್ಲಿಸಿದರೆ ವಾಂತಿ ಕಡಿಮೆ. ಮೂರು ದಿನ ಸ್ನಾನ, ನೆಂಟರು, ಫೋಟೊ ಯಾವುದೂ ಬೇಡ. ಒಂದು ಮೂಲೆ, ಗೋಣಿತಾಟು, ನೀರು ಸಾಕು. ದೊಡ್ಡ ನಾಯಿ ಒಂದು ದಿನ ಉಣ್ಣದಿದ್ದರೆ ಗಾಬರಿಯಾಗಬೇಡಿ. ಎರಡು ದಿನ ದಾಟಿದರೆ, ಅಥವಾ ಭೇದಿಯಲ್ಲಿ ರಕ್ತ ಕಂಡರೆ, ತಡಮಾಡದೆ ಪಶು ಆಸ್ಪತ್ರೆಗೆ ಒಯ್ಯಿರಿ.

ನಮ್ಮ ಕಡೆ ರಾಗಿಯಿದ್ದರೆ ನಾಯಿ ಬದುಕುತ್ತದೆ ಎಂಬ ಮಾತಿದೆ. ಬರಿ ರಾಗಿ ಗಂಜಿ ಸಾಲದು, ಮೊಟ್ಟೆ ಅಥವಾ ಮೂಳೆ ತೆಗೆದ ಕೋಳಿ ಸೇರಿಸಿ. ಬೇಯಿಸಿದ ಮೂಳೆ ಚೂಪಾಗಿ ಸೀಳಿ ಕರುಳು ಚುಚ್ಚುತ್ತದೆ. ಮುದ್ದೆಯ ಜೊತೆ ಸಾರು ಸುರಿಯಬೇಡಿ: ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣ ಒಡೆಯುತ್ತವೆ. ಚಿಕ್ಕಬಳ್ಳಾಪುರದಲ್ಲಿ ದ್ರಾಕ್ಷಿ ತೋಟವಿರುವವರು ಇನ್ನೂ ಎಚ್ಚರ ವಹಿಸಿ. ದ್ರಾಕ್ಷಿ, ಒಣದ್ರಾಕ್ಷಿ ಸ್ವಲ್ಪ ತಿಂದರೂ ಕಿಡ್ನಿ ಕೆಡಬಹುದು. ಉದುರಿದ ಹಣ್ಣು ಬಿದ್ದಿರುವ ಸಾಲಿಗೆ ಬಿಡಬೇಡಿ.

ಮೂರು ವಾರ ಕಳೆದಾಗ ಸುಮ್ಮನಿದ್ದ ನಾಯಿ ಗೇಟಿನ ಬಳಿ ಬೊಗಳಲು, ಚಪ್ಪಲಿ ಕಚ್ಚಲು ಶುರುಮಾಡಬಹುದು. ಕೆಟ್ಟಿತೆಂದು ವಾಪಸ್ ಬಿಟ್ಟುಬರುವವರು ಹೆಚ್ಚಾಗಿ ಈ ಹಂತದಲ್ಲೇ ಆತುರಪಡುತ್ತಾರೆ. ಹೆದರಿಕೆ ಇಳಿದು ನಿಜಗುಣ ಈಗ ಕಾಣುತ್ತಿದೆ. ಹೊಡೆಯದೆ ಕಲಿಸಲು ಇದೇ ಸಮಯ. ಕರೆದಾಗ ಬಂದರೆ ಒಂದು ಚೂರು ಮೊಟ್ಟೆ ಕೊಡಿ. ಮೂರು ತಿಂಗಳವರೆಗೆ ಬಯಲಿನಲ್ಲಿ ಹಗ್ಗ ಬಿಚ್ಚಬೇಡಿ.