ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಒಂದೂ ಆಧಾರ್ ಉಳಿಯದ ಹಾಗೆ ಮಾಡಿದ್ದು: ನನ್ನ ಅನುಭವ

ಇದು ಆಗುವ ಕೆಲಸ ಅಲ್ಲ ಅಂದವರಲ್ಲಿ ನಮ್ಮ ಲೈನಿನವರೇ ಜಾಸ್ತಿ. ಗಿರಾಕಿ ವಾಟ್ಸಾಪ್‌ನಲ್ಲಿ ಫೈಲ್ ಕಳಿಸುತ್ತಾರೆ, ನಾವು ಪ್ರಿಂಟ್ ಕೊಟ್ಟು ಹತ್ತು ರೂಪಾಯಿ ತೆಗೆದುಕೊಳ್ಳುತ್ತೇವೆ, ಇದರಲ್ಲಿ ಪ್ರೈವೆಸಿ ಎಂತದ್ದು ಮಾರಾಯ್ರೆ ಅಂತ ನಗುತ್ತಿದ್ದರು. ಈಗ ಮಳೆಗಾಲವೂ ದಾಟಿತು. ಕುಂಜಿಬೆಟ್ಟಿನ ನನ್ನ ಅಂಗಡಿಯಲ್ಲಿ ರಾತ್ರಿ ಶಟರ್ ಎಳೆಯುವಾಗ ಯಾರ ಆಧಾರ್, ಪ್ಯಾನ್, ಕ್ರಯಪತ್ರ, ಮಾರ್ಕ್ಸ್ ಕಾರ್ಡೂ ಕಂಪ್ಯೂಟರಿನಲ್ಲಿ ಇರುವುದಿಲ್ಲ. ವ್ಯಾಪಾರವೂ ಬೀಳಲಿಲ್ಲ. ಉಡುಪಿಯಲ್ಲಿ ಹೀಗೆ ಮಾಡಿದ ಮೊದಲ ಅಂಗಡಿ ನನ್ನದೇ ಅಂತ ನನ್ನ ಲೆಕ್ಕ. ಬೇರೆ ಯಾರಾದರೂ ಮಾಡಿದ್ದರೆ ಹೇಳಿ, ಬಂದು ನೋಡುತ್ತೇನೆ.

ಕಾನೂನು ಕಾಲೇಜು ನಮ್ಮ ಅಂಗಡಿಗೆ ಹತ್ತಿರ. ಸ್ಪೈರಲ್ ಬೈಂಡಿಂಗ್ ಆಗುವವರೆಗೆ ಹುಡುಗರು ಕೌಂಟರಿನಲ್ಲೇ ಜಗಳ ಶುರು ಮಾಡುತ್ತಾರೆ. ಒಬ್ಬ 2017ರ ಪುಟ್ಟಸ್ವಾಮಿ ತೀರ್ಪು ಎತ್ತುತ್ತಾನೆ, ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಅಂದಿದ್ದಾರೆ ಎನ್ನುತ್ತಾನೆ. ಕೇಸು ಹಾಕಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಅಂತ ನಾನೂ ಒಂದು ಸೇರಿಸುತ್ತೇನೆ. ಇನ್ನೊಬ್ಬ ಬಿಡುವುದಿಲ್ಲ. ತಪ್ಪು ಮಾಡದವನಿಗೆ ಹೆದರಿಕೆ ಯಾಕೆ, ಸರ್ಕಾರಕ್ಕೆ ಎಲ್ಲ ಗೊತ್ತಿರಲಿ ಬಿಡು ಎನ್ನುತ್ತಾನೆ. ಮತ್ತೊಬ್ಬ 2022ರಲ್ಲಿ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್, ಇಂಟರ್ನೆಟ್ಟಿನಲ್ಲಿ ಗುರುತು ಮರೆಸಿಕೊಡುವ ವಿಪಿಎನ್ ಕಂಪನಿಗಳಿಗೆ ಗಿರಾಕಿಗಳ ವಿವರ 5 ವರ್ಷ ಇಟ್ಟುಕೊಳ್ಳಿ ಅಂದದ್ದು, ಅವರಲ್ಲಿ ಕೆಲವರು ಸರ್ವರನ್ನೇ ಭಾರತದಿಂದ ಎತ್ತಿಕೊಂಡು ಹೋದದ್ದು ಹೇಳುತ್ತಾನೆ. ಕೇಳಲು ಒಳ್ಳೆಯದೇ. ಆದರೆ ಎರಡೂ ಪಾರ್ಟಿಯವರು ಅರ್ಧ ಗಂಟೆ ಮೊದಲು ತಮ್ಮ ಪೂರ್ತಿ ಆಧಾರ್ ಪಿಡಿಎಫ್ ಅನ್ನು, ಪಾಸ್‌ವರ್ಡ್ ಸಮೇತ, ನನ್ನ ನಂಬರಿಗೆ ಕಳಿಸಿರುತ್ತಾರೆ! ದೆಹಲಿಯ ಸರ್ವರಿನ ಮೇಲೆ ಇರುವ ಸಂಶಯ ಜೆರಾಕ್ಸ್ ಅಂಗಡಿಯ ಮೇಲೆ ಯಾರಿಗೂ ಇಲ್ಲ.

2023ರ ಜುಲೈಯಲ್ಲಿ ಗೃಹಲಕ್ಷ್ಮಿ ನೋಂದಣಿ ಶುರುವಾದಾಗ ಎಲ್ಲ ಅಂಗಡಿಗಳಲ್ಲೂ ರಶ್ಶು. ರೇಷನ್ ಕಾರ್ಡು, ಗಂಡನ ಆಧಾರ್, ಹೆಂಡತಿಯ ಆಧಾರ್, ಬ್ಯಾಂಕ್ ಪಾಸ್‌ಬುಕ್, ಎಲ್ಲ ಒಂದೇ ಫೋಲ್ಡರಿನಲ್ಲಿ ಬಂದು ಬಿದ್ದವು. ಅದೇ ವರ್ಷ ಮಂಗಳೂರು ಕಡೆ ಆಸ್ತಿ ನೋಂದಣಿ ಮಾಡಿಸಿದವರ ಖಾತೆಯಿಂದ, ಆಧಾರ್ ಮೂಲಕ ಹಣ ತೆಗೆಯುವ ಎಇಪಿಎಸ್‌ನಲ್ಲಿ ದುಡ್ಡು ಹೋದ ದೂರುಗಳು ಸಾಲಾಗಿ ಬಂದವು. ಅದಕ್ಕೆ ಓಟಿಪಿ ಬೇಡ, ಪಿನ್ನೂ ಬೇಡ. ಆಧಾರ್ ನಂಬರು, ಬ್ಯಾಂಕಿನ ಹೆಸರು, ಹೆಬ್ಬೆಟ್ಟು ಇದ್ದರೆ ಒಂದು ಸಲಕ್ಕೆ 10,000 ರೂಪಾಯಿವರೆಗೆ ತೆಗೆಯಬಹುದು. ಆಗ ಕ್ರಯಪತ್ರದಲ್ಲಿ ಆಧಾರೂ ಹೆಬ್ಬೆಟ್ಟೂ ಒಟ್ಟಿಗೆ ಸಿಗುತ್ತಿದ್ದವು. ಅಂಥ ಕ್ರಯಪತ್ರಗಳ ಸ್ಕ್ಯಾನ್ ನಮ್ಮೆಲ್ಲರ ಡೌನ್‌ಲೋಡ್ಸ್‌ನಲ್ಲೂ ರಾಶಿ ಬಿದ್ದಿರುತ್ತದೆ ಅಲ್ವಾ? ಆಗ ನಾನು ಕೈ ಹಚ್ಚಿದೆ.

ಮೊದಲು ಮಾಡಿದ್ದು ಎಲ್ಲರೂ ಮಾಡುವುದೇ. ರಾತ್ರಿ ಡೌನ್‌ಲೋಡ್ಸ್ ಖಾಲಿ ಮಾಡುವ ಒಂದು ಬ್ಯಾಚ್ ಫೈಲ್, ಅಂದರೆ ಕಂಪ್ಯೂಟರಿಗೆ ಬರೆದಿಟ್ಟ ಆದೇಶಗಳ ಪಟ್ಟಿ. ಕೆಲವು ವಾರ ಸುಖ. ಆಮೇಲೆ ಮಣಿಪಾಲದ ಒಬ್ಬ ಇಂಜಿನಿಯರಿಂಗ್ ಹುಡುಗ ಬಂದ. ಅಳಿಸಿದ್ದನ್ನು ಮತ್ತೆ ಎತ್ತುವ ಪುಕ್ಕಟೆ ರಿಕವರಿ ಸಾಫ್ಟ್‌ವೇರ್ ಹಾಕಿ, ಚಾ ಕುಡಿದು ಮುಗಿಸುವಷ್ಟರಲ್ಲಿ ಹಳೆಯ ಹಾರ್ಡ್‌ಡಿಸ್ಕಿನಿಂದ ಮುನ್ನೂರು ಚಿಲ್ಲರೆ ಪಿಡಿಎಫ್ ಎತ್ತಿ ತೋರಿಸಿದ. ವಾಟ್ಸಾಪ್‌ನಲ್ಲಿ 24 ಗಂಟೆಗೆ ಮೆಸೇಜ್ ಮಾಯವಾಗುವ ಸೆಟ್ಟಿಂಗ್ ಹಾಕಿ ನೋಡಿದೆ. ಚಾಟ್ ಹೋಗುತ್ತದೆ, ಕಂಪ್ಯೂಟರಿಗೆ ಇಳಿಸಿದ ಫೈಲ್ ಹಾಗೇ ಇರುತ್ತದೆ. ಪೆನ್‌ಡ್ರೈವ್ ಮಾತ್ರ ತನ್ನಿ ಅಂತ ಬೋರ್ಡ್ ಹಾಕಿದೆ. ಶಾರ್ಟ್‌ಕಟ್ ವೈರಸ್ ಬಂತು, ಗಿರಾಕಿ ಹೋದರು. ಬೋರ್ಡ್ ತೆಗೆದೆ.

ಕೊನೆಗೆ ನಿಂತದ್ದು ಹೀಗೆ. ಸೆಕೆಂಡ್‌ಹ್ಯಾಂಡ್ ಆಫೀಸ್ ಡೆಸ್ಕ್‌ಟಾಪ್ ಒಂದು, ಒಂಬತ್ತು ಸಾವಿರದ ಹತ್ತಿರ. ರ‍್ಯಾಮ್ 16 ಜಿಬಿ ಮಾಡಿದೆ. ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಹಾಕಿದೆ. ಬರುವ ಫೈಲ್‌ಗಳ ಫೋಲ್ಡರನ್ನು ಟಿಎಂಪಿಎಫ್‌ಎಸ್‌ನಲ್ಲಿ ಇಟ್ಟೆ, ಅಂದರೆ ಎಲ್ಲ ರ‍್ಯಾಮಿನಲ್ಲೇ. ಮಷಿನ್ ಆಫ್ ಆದರೆ ಎಲ್ಲ ಹೋಯಿತು, ರಿಕವರಿ ಮಾಡಲು ಡಿಸ್ಕಿನಲ್ಲಿ ಏನೂ ಇಲ್ಲ. ಜಾಗ ಸಾಲದಾಗ ಡಿಸ್ಕನ್ನು ಬಳಸುವ ಸ್ವಾಪ್ ಅನ್ನು ಆಫ್ ಮಾಡಲೇಬೇಕು, ಇಲ್ಲದಿದ್ದರೆ ರ‍್ಯಾಮಿನಲ್ಲಿದ್ದದ್ದು ಸದ್ದಿಲ್ಲದೆ ಡಿಸ್ಕಿಗೆ ಇಳಿಯುತ್ತದೆ. ಎಷ್ಟೋ ಜನ ಇಲ್ಲೇ ತಪ್ಪುತ್ತಾರೆ. ಇನ್ನೊಂದು ಸ್ಪೂಲ್, ಅಂದರೆ ಪ್ರಿಂಟಿಗೆ ಕಾಯುವ ಫೈಲ್‌ಗಳ ಜಾಗ. ಲಿನಕ್ಸಿನಲ್ಲಿ ಪ್ರಿಂಟ್ ನೋಡಿಕೊಳ್ಳುವ ಕಪ್ಸ್, ಪ್ರಿಂಟ್ ಆದ ಫೈಲನ್ನು ಏನೂ ಹೇಳದಿದ್ದರೆ ಒಂದು ದಿನ ಇಟ್ಟುಕೊಳ್ಳುತ್ತದೆ. ಅದರ ಸೆಟ್ಟಿಂಗಿನಲ್ಲಿ ಪ್ರಿಸರ್ವ್‌ಜಾಬ್‌ಫೈಲ್ಸ್ ಅನ್ನು 'ನೋ' ಮಾಡಿ, ಸ್ಪೂಲ್ ಫೋಲ್ಡರ್ ಎಲ್ಲಿ ಅಂತ ಹೇಳುವ ರಿಕ್ವೆಸ್ಟ್‌ರೂಟ್ ಅನ್ನೂ ರ‍್ಯಾಮಿಗೆ ತಿರುಗಿಸಿ. ಜಾಬ್ ಹಿಸ್ಟರಿಯನ್ನೂ ತೆಗೆಯಿರಿ. ಫೈಲಿನ ಹೆಸರಲ್ಲೇ ಜನರ ಹೆಸರು, ಊರು ಎಲ್ಲ ಇರುತ್ತದೆ. ವಿಂಡೋಸ್ ಬಿಡಲು ಮನಸ್ಸಿಲ್ಲದವರು ಕನಿಷ್ಠ ಪ್ರಿಂಟರ್ ಪ್ರಾಪರ್ಟೀಸ್‌ನಲ್ಲಿ 'ಕೀಪ್ ಪ್ರಿಂಟೆಡ್ ಡಾಕ್ಯುಮೆಂಟ್ಸ್' ಟಿಕ್ ತೆಗೆಯಿರಿ.

ಇದಕ್ಕೆ ಒಂದು ಕಾಟ ಇತ್ತು, ಕರೆಂಟು. ನಮ್ಮ ಕಡೆ ಜೂನ್ ಬಂದರೆ ಗಾಳಿ ಮಳೆಗೆ ಕರೆಂಟು ಎಷ್ಟು ಸಲ ಹೋಗುತ್ತದೆ ಅಂತ ಹೇಳುವುದು ಬೇಡ. ಒಬ್ಬಳು ಹುಡುಗಿಯ ಪ್ರಾಜೆಕ್ಟ್ ರಿಪೋರ್ಟ್ ಅರವತ್ತನೇ ಪುಟದಲ್ಲಿ ನಿಂತು, ಫೈಲೂ ಹೋಗಿ, ಅವಳ ಮೊಬೈಲಿನ ಚಾರ್ಜೂ ಹೋಗಿತ್ತು. ಪಕ್ಕದ ಅಂಗಡಿಯವರು ಆ ದಿನವಿಡೀ ನಕ್ಕರು. ಮೂರೂವರೆ ಸಾವಿರದ ಯುಪಿಎಸ್ ಕಂಪ್ಯೂಟರಿಗೆ ಮಾತ್ರ ಹಾಕಿದೆ. ಲೇಸರ್ ಪ್ರಿಂಟರಿಗೆ ಅದನ್ನು ಕೊಡಬೇಡಿ, ಎಳೆಯುವುದಿಲ್ಲ.

ಫೈಲ್ ಒಳಗೆ ಬರುವ ದಾರಿ ಇನ್ನೊಂದು ತಲೆನೋವು. ಕೌಂಟರಿನಲ್ಲಿ ಕ್ಯೂಆರ್ ಅಂಟಿಸಿದೆ. ಸ್ಕ್ಯಾನ್ ಮಾಡಿದರೆ ಅಂಗಡಿಯ ವೈಫೈ, ಅದರಲ್ಲಿ ಒಂದು ಅಪ್‌ಲೋಡ್ ಪುಟ. ಆ ವೈಫೈಯಲ್ಲಿ ಬೇಕೆಂದೇ ಇಂಟರ್ನೆಟ್ ಕೊಡಲಿಲ್ಲ. ಯಾಕೆಂದರೆ ಜನರಿಗೆ ಇಂಟರ್ನೆಟ್ ಕೊಟ್ಟರೆ ನೀವು ಸೈಬರ್ ಕೆಫೆ. 2011ರ ಸೈಬರ್ ಕೆಫೆ ನಿಯಮದ ಪ್ರಕಾರ ಬಂದವರ ಗುರುತಿನ ದಾಖಲೆ, ಲಾಗು ಎಲ್ಲ ಕನಿಷ್ಠ 1 ವರ್ಷ ಇಡಬೇಕು. ನಾನು ಒಂದು ಕಡೆಯಿಂದ ದಾಖಲೆ ಅಳಿಸುತ್ತಾ ಇನ್ನೊಂದು ಕಡೆಯಿಂದ ಅದೇ ಜನರ ದಾಖಲೆ ಕಪಾಟಿನಲ್ಲಿ ಪೇರಿಸಿಡುವುದು ಯಾವ ಲೆಕ್ಕ? ಹಾಗಾಗಿ ಬ್ರೌಸಿಂಗಿಗೆ ಇಟ್ಟಿದ್ದ ಎರಡು ಸಿಸ್ಟಮ್ಮನ್ನೂ ತೆಗೆದುಬಿಟ್ಟೆ. ಅದರಲ್ಲಿ ತಿಂಗಳಿಗೆ ಸಾವಿರ ರೂಪಾಯಿಯೂ ಬರುತ್ತಿರಲಿಲ್ಲ, ಎಲ್ಲರ ಕೈಯಲ್ಲೂ ಮೊಬೈಲ್ ಉಂಟು.

ಆದರೆ ಇಂಟರ್ನೆಟ್ ಇಲ್ಲದ ವೈಫೈ ಅಂದ ಕೂಡಲೇ ಆಂಡ್ರಾಯ್ಡ್ ಫೋನು ತನ್ನಷ್ಟಕ್ಕೇ ಮೊಬೈಲ್ ಡೇಟಾಕ್ಕೆ ಹಾರುತ್ತದೆ. ಪುಟ ತೆರೆಯುವುದಿಲ್ಲ. "ಎಂತ ಭಟ್ರೆ, ನಿಮ್ಮದು ಆಗ್ತಾನೇ ಇಲ್ಲ" ಅಂತ ಬೈಸಿಕೊಂಡದ್ದೇ ಬೈಸಿಕೊಂಡದ್ದು. ಡೇಟಾ ಆಫ್ ಮಾಡಿ ಅಕ್ಕ ಅಂದರೆ ಅಕ್ಕ ಫೋನನ್ನೇ ಸ್ವಿಚ್ ಆಫ್ ಮಾಡುತ್ತಿದ್ದರು. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿರುವ ನನ್ನ ಅಳಿಯ, "ಮಾವ, ಇದಕ್ಕೆ ಪರಿಹಾರ ಇಲ್ಲ, ಸುಮ್ನೆ ವಾಟ್ಸಾಪ್‌ಗೆ ವಾಪಸ್ ಹೋಗಿ" ಅಂದ. ಪರಿಹಾರ ಉಂಟು. ರೌಟರಿನಲ್ಲಿ ಫೋನಿಗೆ ಒಂದು ಉತ್ತರ ಕೊಡಬೇಕು, ಆಗ ಅದು ಸುಮ್ಮನೆ ಕೂರುತ್ತದೆ. ಯಾವ ಉತ್ತರ, ಎಲ್ಲಿ ಕೊಡುವುದು ಅಂತ ಬರೆಯುವುದಿಲ್ಲ. ಅದಕ್ಕೆ ನನ್ನ ಬೇಸಿಗೆ ರಜೆಯೆಲ್ಲ ಹೋಗಿದೆ. ಅಳಿಯನಿಗೂ ಹೇಳಲಿಲ್ಲ.

ಜೆರಾಕ್ಸ್ ಮಷಿನ್ ಬಗ್ಗೆ ಯಾರೂ ಯೋಚಿಸುವುದಿಲ್ಲ. ದೊಡ್ಡ ಡಿಜಿಟಲ್ ಮಷಿನ್‌ಗಳಲ್ಲಿ ಹೆಚ್ಚಿನವುಗಳ ಒಳಗೆ ಹಾರ್ಡ್‌ಡಿಸ್ಕ್ ಇರುತ್ತದೆ, ಕಾಪಿ ಮಾಡಿದ್ದು ಅದರಲ್ಲಿ ಉಳಿಯಬಹುದು. ಎಕ್ಸ್‌ಚೇಂಜಿಗೆ ಕೊಡುವಾಗ ಅದನ್ನೂ ಕೊಟ್ಟು ಕಳಿಸುತ್ತೇವೆ. ನನ್ನದರ ಡಿಸ್ಕ್ ಕಳಚಿ ನೋಡಿದೆ, ಮಷಿನ್ ಸ್ಟಾರ್ಟೇ ಆಗಲಿಲ್ಲ. ಅಳಿಸುವ ಕಿಟ್ಟಿಗೆ ಡೀಲರ್ ಹೇಳಿದ ರೇಟಿಗೆ ಇನ್ನೊಂದು ಪ್ರಿಂಟರ್ ಬರುತ್ತಿತ್ತು. ಕೊನೆಗೆ ಮೆನುವಿನಲ್ಲೇ ಅಡಗಿದ್ದ, ಹಳೆಯದರ ಮೇಲೆ ಬರೆದು ಅಳಿಸುವ ಓವರ್‌ರೈಟ್ ಆಯ್ಕೆ ಸಿಕ್ಕಿತು. ಕಾಪಿ ಸ್ವಲ್ಪ ನಿಧಾನ ಆಗುತ್ತದೆ, ಆಗಲಿ. ನಿಮ್ಮ ಮಷಿನ್‌ನಲ್ಲೂ ಇರಬಹುದು, ಸರ್ವಿಸ್ ಹುಡುಗನನ್ನು ಕೇಳಬೇಡಿ, ಮ್ಯಾನುವಲ್ ನೋಡಿ.

ಆಮೇಲೆ ಕಾಗದ. ಕೆಟ್ಟ ಪ್ರಿಂಟುಗಳು ಗುಜರಿಗೆ ಹೋಗಿ, ಅಲ್ಲಿಂದ ಎಲ್ಲಿಗೆ ಅಂತ ನಿಮಗೆ ಗೊತ್ತು. ಮಲ್ಪೆ ಬೀಚಿನಲ್ಲಿ ನಾನು ತಿಂದ ಚುರುಮುರಿಯ ಪೊಟ್ಟಣದಲ್ಲಿ ಯಾರದೋ ಪ್ಯಾನ್ ಕಾರ್ಡ್ ಇತ್ತು. ಶ್ರೆಡರ್ ತಂದೆ, ಐದು ಸಾವಿರದ ಒಳಗಿನದ್ದು. ಹತ್ತು ನಿಮಿಷ ಓಡಿದರೆ ಬಿಸಿಯಾಗಿ ಅರ್ಧ ಗಂಟೆ ಮುಷ್ಕರ. ಈಗ ಮಧ್ಯಾಹ್ನ ಊಟದ ಹೊತ್ತಿಗೆ ಸ್ವಲ್ಪ ಸ್ವಲ್ಪ ಹಾಕುತ್ತೇನೆ. ಆ ಚೂರುಗಳನ್ನು ನೀರಲ್ಲಿ ನೆನೆಸಿ ಇಟ್ಟಿಗೆ ಮಾಡಿ ಬಚ್ಚಲು ಒಲೆಗೆ ಹಾಕುವ ಪ್ರಯೋಗವೂ ಆಯಿತು. ಬೇಸಿಗೆಯಲ್ಲಿ ಚೆನ್ನಾಗಿ ಉರಿಯಿತು. ಮಳೆಗಾಲದ ಆಟಿ ತಿಂಗಳಲ್ಲಿ ಒಣಗದೆ ಬೂಸ್ಟು ಬಂತು, ಹೆಂಡತಿ ಎಲ್ಲವನ್ನೂ ತೆಂಗಿನ ಬುಡಕ್ಕೆ ಎಸೆದಳು. ತೆಂಗಿಗೆ ಏನೂ ಆಗಲಿಲ್ಲ, ಒಳ್ಳೆಯದೂ ಆಗಲಿಲ್ಲ.

ಮಾಸ್ಕ್ ಮಾಡಿದ ಆಧಾರ್ ಕೊಡಿಸುವ ಹುಮ್ಮಸ್ಸು ಮಾತ್ರ ಅರ್ಧಕ್ಕೆ ನಿಂತಿತು. ಕೊನೆಯ 4 ಅಂಕಿ ಮಾತ್ರ ಕಾಣುವ ಪ್ರಿಂಟು ಕೊಟ್ಟು ಕಳಿಸಿದರೆ ಅರ್ಧ ಗಂಟೆಯಲ್ಲಿ ಗಿರಾಕಿ ವಾಪಸ್. "ಅಲ್ಲಿ ಪೂರ್ತಿ ನಂಬರ್ ಬೇಕಂತೆ, ಇದು ಆಗುವುದಿಲ್ಲವಂತೆ." ಸರ್ಕಾರದ್ದೇ ಎರಡು ನಾಲಿಗೆ. 2022ರ ಮೇ ಕೊನೆಗೆ ಆಧಾರ್ ಕೊಡುವ ಪ್ರಾಧಿಕಾರವಾದ ಯುಐಡಿಎಐಯ ಬೆಂಗಳೂರು ಕಚೇರಿ ಒಂದು ಪ್ರಕಟಣೆ ಕೊಟ್ಟಿತ್ತು. ಆಧಾರ್ ಜೆರಾಕ್ಸ್ ಯಾರ‍್ಯಾರಿಗೋ ಕೊಡಬೇಡಿ, ಮಾಸ್ಕ್ ಮಾಡಿದ್ದು ಕೊಡಿ, ಇಂಟರ್ನೆಟ್ ಕೆಫೆಯ ಕಂಪ್ಯೂಟರಿನಲ್ಲಿ ಇ-ಆಧಾರ್ ಇಳಿಸಬೇಡಿ ಅಂತ. ನಮ್ಮ ಹೊಟ್ಟೆಗೇ ಹೊಡೆತ, ಆದರೂ ಹೇಳಿದ್ದು ಸರಿ ಇತ್ತು. ಎರಡೇ ದಿನದಲ್ಲಿ, ಜನ ತಪ್ಪು ತಿಳಿಯಬಹುದು ಅಂತ ಅದನ್ನು ವಾಪಸ್ ತೆಗೆದುಕೊಂಡರು! ಈಗ ನಾನು ಗಿರಾಕಿಯನ್ನು ಕೇಳಿಯೇ ಪ್ರಿಂಟ್ ಹಾಕುವುದು. ಹೋಟೆಲ್, ಪಿಜಿಗಾದರೆ ಮಾಸ್ಕ್ ಮಾಡಿದ್ದು ಸಾಕು, ಮೊದಲು ಅದನ್ನೇ ಕೊಟ್ಟು ನೋಡಿ ಅನ್ನುತ್ತೇನೆ.

ಆಧಾರಿನಲ್ಲಿರುವ ಹೆಬ್ಬೆಟ್ಟನ್ನು ಬಳಸಲು ಆಗದ ಹಾಗೆ ಬಯೋಮೆಟ್ರಿಕ್ ಲಾಕ್ ಮಾಡಿಸುವುದೂ ಹಾಗೆ. ಉತ್ಸಾಹದಲ್ಲಿ ಹಿರಿಯರಿಗೆಲ್ಲ ಹೇಳಿಕೊಟ್ಟೆ, ತಿಂಗಳ ಕೊನೆಗೆ ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಹಿಡಿಯಲಿಲ್ಲ. ನವೆಂಬರಿನಲ್ಲಿ, ಬದುಕಿದ್ದೇವೆ ಅಂತ ತೋರಿಸುವ ಪಿಂಚಣಿಯವರ ಜೀವನ್ ಪ್ರಮಾಣ್‌ಗೂ ಅದೇ ಕತೆ. ತಾತ್ಕಾಲಿಕ ಅನ್‌ಲಾಕ್ 10 ನಿಮಿಷ ಮಾತ್ರ, ಕ್ಯೂ ಅದಕ್ಕಿಂತ ಉದ್ದ. ಮೊಬೈಲ್ ಬಳಸಲು ಗೊತ್ತಿರುವವರಿಗೆ, ಆಸ್ತಿ ನೋಂದಣಿ ಮಾಡಿಸಿದವರಿಗೆ ಮಾತ್ರ ಈಗ ಹೇಳುತ್ತೇನೆ.

ದುಡ್ಡಿನ ವಿಷಯ. ಎಲ್ಲ ಸೇರಿ ಇಪ್ಪತ್ತೈದು ಸಾವಿರದ ಒಳಗೆ ಬಿದ್ದಿರಬೇಕು. ನಷ್ಟ ಬಂದದ್ದು ಬೇರೆ ಕಡೆ. "ಹೋದ ತಿಂಗಳು ಮಾಡಿದ್ದು ನಿಮ್ಮಲ್ಲಿ ಇರಬೇಕಲ್ಲ" ಅಂತ ಬರುವವರು ಎಷ್ಟು ಜನ! ಪಾಸ್‌ಪೋರ್ಟ್ ಸೈಜ್ ಫೋಟೋ ಮತ್ತೆ ಹೊಡೆದು ಕೊಟ್ಟರೆ ಬರುತ್ತಿದ್ದ ಆರಾಮದ ನಲವತ್ತು ರೂಪಾಯಿ ಹೋಯಿತು. ಮೊದಲ ಎರಡು ಮೂರು ತಿಂಗಳು ಗಲ್ಲಾಪೆಟ್ಟಿಗೆಯಲ್ಲಿ ವ್ಯತ್ಯಾಸ ಕಾಣುತ್ತಿತ್ತು. ನಾನು ಫೋಟೋ ಫೈಲನ್ನು ಗಿರಾಕಿಯ ಫೋನಿಗೇ ಪುಕ್ಕಟೆ ಕೊಡಲು ಶುರು ಮಾಡಿದೆ. ಬೇರೆ ಅಂಗಡಿಯವರು ತಲೆ ಚಚ್ಚಿಕೊಂಡರು. ಫೈಲ್ ಕೈಯಲ್ಲಿದ್ದರೆ ಎಲ್ಲಿ ಬೇಕಾದರೂ ಪ್ರಿಂಟ್ ತೆಗೆಯಬಹುದಲ್ಲ ಅಂತ. ಆದರೆ ಗಿರಾಕಿಗಳು ಮತ್ತೆ ನನ್ನಲ್ಲಿಗೇ ಬಂದರು.

ನಿಜವಾದ ಲಾಭ ಕೊಟ್ಟದ್ದು ವಕೀಲರು. ಒಬ್ಬರು ಸುಮ್ಮನೆ ಕೂತು, ಪ್ರಿಂಟ್ ಆದ ಮೇಲೆ ಫೋಲ್ಡರ್ ತೋರಿಸಿ ಅಂದರು. ತೋರಿಸಿದೆ, ಖಾಲಿ. ಸ್ಪೂಲ್ ತೋರಿಸಿ ಅಂದರು, ಅದೂ ಖಾಲಿ. ಮರುವಾರ ಅವರ ಆಫೀಸಿನ ಎಲ್ಲ ಕ್ರಯಪತ್ರ, ವಿಲ್ ಇಲ್ಲಿಗೇ ಬಂತು. ಅವರ ಮೂಲಕ ಇಬ್ಬರು ಆಡಿಟರ್‌ಗಳು, ಜುಲೈಯಲ್ಲಿ ರಿಟರ್ನ್ಸ್ ಸೀಸನ್ ಪೂರ್ತಿ. ಪುಟಕ್ಕೆ ಐವತ್ತು ಪೈಸೆ ಜಾಸ್ತಿ ತೆಗೆದುಕೊಳ್ಳುತ್ತೇನೆ, ಯಾರೂ ಕೇಳಿಲ್ಲ. ಅಂದಾಜಿಗೆ ಹೇಳುವುದಾದರೆ ಹಾಕಿದ ದುಡ್ಡು ವರ್ಷದೊಳಗೆ ಬಂತು.

ಈಗ ಡೇಟಾ ರಕ್ಷಣೆ ಕಾಯ್ದೆಯ ಹೆಸರು ಹೇಳಿ ಹೆದರಿಸುವವರು ಬರುತ್ತಾರೆ. 2023ರ ಕಾಯ್ದೆ, ದಂಡ 250 ಕೋಟಿವರೆಗೆ ಉಂಟು, ಸರಿ. ಡಿಜಿಟಲ್ ಆದದ್ದಕ್ಕೆ ಮಾತ್ರ ಅದು, ಬರೀ ಕಾಗದಕ್ಕೆ ಅಲ್ಲ. ಸರ್ಕಾರ ತನ್ನ ಸಂಸ್ಥೆಗಳಿಗೆ ಅಧಿಸೂಚನೆ ಹೊರಡಿಸಿ ವಿನಾಯಿತಿ ಕೊಟ್ಟುಕೊಳ್ಳಬಹುದು, ನಮಗೆ ಆ ಸೌಕರ್ಯ ಇಲ್ಲ. ಕಾನೂನು ಕಾಲೇಜಿನ ಹುಡುಗರು ಇದರ ಮೇಲೆ ಗಂಟೆಗಟ್ಟಲೆ ಮಾತಾಡಲಿ. ರಾತ್ರಿಗೆ ನನ್ನಲ್ಲಿ ಡೇಟಾವೇ ಉಳಿಯುವುದಿಲ್ಲ, ಸೋರಲು ಏನುಂಟು?

ಈ ಸೆಟ್ಟಿಂಗ್ ಮಾಡುವ ಸ್ಕ್ರಿಪ್ಟ್ ಬೇಕಾದ ಅಂಗಡಿಯವರು ಬಂದು ತೆಗೆದುಕೊಂಡು ಹೋಗಬಹುದು, ದುಡ್ಡು ಬೇಡ. ಸೋಮವಾರ ಬೆಳಿಗ್ಗೆ ಬರಬೇಡಿ, ಜಿಲ್ಲಾಧಿಕಾರಿ ಕಚೇರಿ ಇರುವ ರಜತಾದ್ರಿಗೆ ಹೋಗುವವರ ರಶ್ಶು ಇರುತ್ತದೆ. ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಿ ತನ್ನಿ. ವೈಫೈಯ ವಿಷಯ ಮಾತ್ರ ಕೇಳಬೇಡಿ.